ಮಡಿಲಕ್ಕಿ ಕಟ್ಟಿಸಿಕೊಂಡ ತಂಡ

ಪತ್ರಿಕೆಯ ಕ್ರೀಡಾಪುಟ ಓದುವಾಗೆಲ್ಲ ನನಗೆ ಒಂದು ಪದ ನಗು ತರಿಸುತ್ತದೆ. ‘ತವರು ಅಂಗಳದಲ್ಲಿ ಮುಗ್ಗರಿಸಿದ ಆತಿಥೇಯರು’, ‘ತವರಿನ ಅಭಿಮಾನಿಗಳ ಮುಂದೆ ಭರ್ಜರಿ ಗೆಲುವು’. ಹುಟ್ಟಿದ ಮನೆ ಬಿಟ್ಟು ಹೋಗುವ ಸಂಕಟವನ್ನು ಒಂದು ದಿನವೂ ಉಣ್ಣದ ಗಂಡಸರಿಗೆ ಅದೆಲ್ಲಿಂದ ಬಂತು ತವರು ಎಂದು ಗಂಡನನ್ನು ರೇಗಿಸುತ್ತೇನೆ. ಅವರು ಪೇಪರು ಮಡಚಿಟ್ಟು, ಬರೆದವನು ನಾನಲ್ಲವಲ್ಲ ಎಂದು ಕಾಫಿ ಕುಡಿಯುತ್ತಾರೆ. ಆದರೆ ಗುಂಡ್ಲುಪೇಟೆಯ ನಮ್ಮ ಅವ್ವ ಆ ಪದವನ್ನು ಅಕ್ಷರಶಃ ನಂಬಿದಳು. ನಂಬಿ, ಒಂದು ಇಡೀ ಫುಟ್‌ಬಾಲ್ ತಂಡಕ್ಕೆ ಮಡಿಲಕ್ಕಿ ಕಟ್ಟಿ ಕಳಿಸಿದಳು.

ಆ ತಂಡ ಆಡುತ್ತಿದ್ದುದು ನಮ್ಮ ಹೊಲದಲ್ಲಿ. ಊರು ದಾಟಿ ಕೇರಳದ ಕಡೆಗೆ ಹೊರಟರೆ ರಸ್ತೆಗೆ ಅಂಟಿಕೊಂಡೇ ಇರುವ ಜಮೀನು, ಅದರ ಹಿಂದೆಯೇ ನಮ್ಮ ಮನೆ. ಅರ್ಧದಲ್ಲಿ ಚೆಂಡುಹೂವು, ಇನ್ನರ್ಧವನ್ನು ಅಪ್ಪ ಮಟ್ಟ ಮಾಡಿಸಿ ಆಟಕ್ಕೆಂದು ಗುತ್ತಿಗೆಗೆ ಬಿಟ್ಟಿದ್ದ. ಒಂದು ಕಡೆ ಚೆಂಡು, ಒಂದು ಕಡೆ ಚೆಂಡುಹೂವು. ಮಳೆ ಹಿಡಿದ ದಿನಗಳಲ್ಲಿ ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಮೋಡ ನೆಲಕ್ಕೇ ಇಳಿದು ಬರುತ್ತಿತ್ತು. ಆ ತುದಿಯ ಗೋಲುಕಂಬ ಮೊದಲು ಮಾಯವಾಗುತ್ತಿತ್ತು, ಆಮೇಲೆ ಅದರ ಮುಂದೆ ನಿಂತವನು. ಹಳದಿ ಜೆರ್ಸಿಯವರು ಓಡುತ್ತ ಓಡುತ್ತ ಬಿಳುಪಿನೊಳಗೆ ಹೋಗಿಬಿಡುತ್ತಿದ್ದರು, ಕೂಗು ಮಾತ್ರ ಈಚೆಗೆ ಬರುತ್ತಿತ್ತು. ಜೋರಾಗಿ ಒದ್ದ ಚೆಂಡು ಹೂವಿನ ಸಾಲಿಗೆ ಬಿದ್ದರೆ ಹುಡುಕಲು ಹೋದವನು ಸೊಂಟದವರೆಗೆ ಹಳದಿಯಲ್ಲಿ ಮುಳುಗುತ್ತಿದ್ದ. ಯಾವುದು ಅಂಗಿ, ಯಾವುದು ಹೂವು ತಿಳಿಯುತ್ತಿರಲಿಲ್ಲ. ಬದುವಿನ ಮೇಲೆ ನಿಂತ ಅವ್ವ ಮಾತ್ರ ಎಲ್ಲವನ್ನೂ ಕಾಣುತ್ತಿದ್ದಳು.

‘ಊವ ತುಳಿಬ್ಯಾಡ್ರಲಾ, ಓಣಂ ಅಬ್ಬಕ್ಕೆ ಲೋಡ್ ಓಗ್ಬೇಕು’ ಎಂದು ಅಲ್ಲಿಂದಲೇ ಕೂಗುತ್ತಿದ್ದಳು. ಹಾಗೆ ಕೂಗಿದವಳೇ ಮಧ್ಯಾಹ್ನ ಅವರಿಗೆ ಮುದ್ದೆ ಬಡಿಸುತ್ತಿದ್ದಳು.

ಅದು ಏಳೇಳು ಜನ ಆಡುವ ಆಟ. ಕಾಡಿನಾಚೆಯವರು ಅದನ್ನು ಸೆವೆನ್ಸ್ ಎನ್ನುತ್ತಾರೆ, ಅದಕ್ಕಾಗಿ ಪ್ರಾಣ ಬಿಡುತ್ತಾರೆ. ನಮ್ಮ ತಂಡದಲ್ಲಿ ಅರ್ಧ ಜನ ವಯನಾಡಿನವರು, ಅರ್ಧ ಜನ ನಮ್ಮ ಕಡೆಯವರು, ಎಲ್ಲರೂ ಸಂಬಳಕ್ಕೆ ಆಡುವವರು. ಸಂಬಳ ಕೊಡುತ್ತಿದ್ದವರು ಕೇರಳಕ್ಕೆ ತರಕಾರಿ ಲಾರಿ ಕಳಿಸುವ ಒಬ್ಬ ಸಾಹುಕಾರರು. ಗೋಲು ಕಾಯುವ ಗೋಲಿ ವಯನಾಡಿನ ಬತ್ತೇರಿಯವನು. ಎಷ್ಟು ಎತ್ತರವೆಂದರೆ ನಮ್ಮ ಬಾಗಿಲಲ್ಲಿ ಬಗ್ಗಿಯೇ ಬರಬೇಕು, ಬಗ್ಗಿದ್ದಾಗಲೇ ‘ಅಮ್ಮೇ’ ಅನ್ನುತ್ತಿದ್ದ. ಅವ್ವ ಅವನನ್ನು ಬಾರೋ, ಉಣ್ಣೋ ಎಂದೇ ಕರೆಯುತ್ತಿದ್ದಳು. ನಾನು ಆಗಲೇ ಮದುವೆಯಾಗಿ ಚಾಮರಾಜನಗರ ಸೇರಿ, ಉಡಿಗಾಲದ ಶಾಲೆಯಲ್ಲಿ ಮೇಡಂ ಆಗಿದ್ದೆ. ರಜೆಗೆ ಬಂದಾಗ ನನ್ನ ತಟ್ಟೆಗಿಂತ ಮೊದಲು ಅವನ ತಟ್ಟೆಗೆ ಸಾರು ಬೀಳುವುದನ್ನು ನೋಡಿ ಹೊಟ್ಟೆಕಿಚ್ಚಾಗುತ್ತಿತ್ತು. ಸುಳ್ಳು ಯಾಕೆ ಹೇಳಲಿ, ತುಂಬಾ ಆಗುತ್ತಿತ್ತು.

ಪಂದ್ಯಕ್ಕೆ ಜೀಪು, ಬಸ್ಸು ಮಾಡಿಕೊಂಡು ಕೇರಳದ ಕಡೆಯಿಂದ ಜನ ಬರುತ್ತಿದ್ದರು. ಟಿಕೆಟಿನ ದುಡ್ಡೆಲ್ಲ ಅವರದೇ. ತೊಂದರೆ ಇದ್ದದ್ದು ಬಂಡೀಪುರದ ಕಾಡಿನ ಗೇಟಿನಲ್ಲಿ. ರಾತ್ರಿ ಒಂಬತ್ತಾದರೆ ಗೇಟು ಬಿತ್ತು, ಆಮೇಲೆ ಬೆಳಗಿನವರೆಗೆ ಯಾವ ಗಾಡಿಯೂ ಬಿಡುವಂತಿಲ್ಲ. ನಮ್ಮ ತಾಲ್ಲೂಕಿನ ಮುಖಂಡರಿಗೋ ಕತ್ತಲಾಗಿ ಲೈಟು ಹತ್ತಿದ ಮೇಲೆಯೇ ಮೈದಾನ ನೆನಪಾಗುತ್ತಿತ್ತು. ಅವರು ಬಾರದೆ ಆಟ ಶುರುವಾಗುವಂತಿಲ್ಲ. ಬಂದರೆ ಹಾರ, ಶಾಲು, ಮೈಕು. ಒಬ್ಬರು ಮಾತಾಡಿದರೆಂದು ಇನ್ನೊಬ್ಬರು. ಆಟ ಇನ್ನೇನು ಕುದಿಯಬೇಕು, ಅಷ್ಟರಲ್ಲಿ ಬಿದಿರಿನ ಗ್ಯಾಲರಿ ಎದ್ದು ನಿಲ್ಲುತ್ತಿತ್ತು. ಗೇಟಿನ ಹೊತ್ತಾಯಿತೆಂದು ಜನ ಗೋಲುಕಂಬಕ್ಕೆ ಬೆನ್ನು ಹಾಕಿ ಜೀಪಿನತ್ತ ಓಡುವರು. ಒಂದು ವರ್ಷ ಕಳೆಯುವಷ್ಟರಲ್ಲಿ ಬರುವುದನ್ನೇ ಬಿಟ್ಟರು. ಸಾಹುಕಾರರ ಮುಖ ಪಂದ್ಯದಿಂದ ಪಂದ್ಯಕ್ಕೆ ಸಣ್ಣದಾಯಿತು.

ಆಗ ಚಾಮರಾಜನಗರದಿಂದ ಕರಿಕಲ್ಲಿನ ಕ್ವಾರಿ ಧಣಿಯೊಬ್ಬರು ತಂಡ ನೋಡಲು ಬಂದರು. ಅವರಿಗೆ ಎಲೆಕ್ಷನ್ನಿಗೆ ನಿಲ್ಲುವ ಆಸೆ. ಊರಿಗೊಂದು ತಂಡ ತಂದವರೆಂಬ ಹೆಸರು ಬೇಕಿತ್ತು. ಆ ಭಾನುವಾರ ನಾನೂ ಅಲ್ಲೇ ಇದ್ದೆ. ಹೆಣ್ಣು ನೋಡುವ ಶಾಸ್ತ್ರದ ಹಾಗೇ ನಡೆಯಿತು. ಜಗಲಿಯ ಮೇಲೆ ಚಾಪೆ, ತಟ್ಟೆಯಲ್ಲಿ ಕೇಸರಿಬಾತು, ಖಾರಾಬಾತು. ಆಟಗಾರರು ಒಬ್ಬೊಬ್ಬರೇ ಬಂದು ಕೈಮುಗಿದು ಹೋದರು. ಗೋಲಿಯನ್ನು ಧಣಿಗಳು ನಿಲ್ಲಿಸಿ ಎತ್ತರ ನೋಡಿದರು. ‘ಜಿಲ್ಲಾ ಕೇಂದ್ರ ಅಂದ್ಮ್ಯಾಕೆ ಒಂದು ಟೀಮ್ ಬ್ಯಾಡ್ವಾ? ನಮ್ಮಲ್ಲಿ ಸಿಮೆಂಟ್ ಗ್ಯಾಲರಿ ಅದೆ, ಯಾವ ಗೇಟಿನ್ ತಾಪತ್ರಯನೂ ಇಲ್ಲ’ ಎಂದರು. ಅರ್ಧ ಪಾಲು ಅವರದು, ಅರ್ಧ ಸಾಹುಕಾರರದು ಎಂದು ಮಾತಾಯಿತು. ನಮ್ಮ ತಾಲ್ಲೂಕಿನ ಮಾನ ಹೋಯಿತೆಂದು ಎಗರಾಡಿದ ಮುಖಂಡರೊಬ್ಬರು ಚಾಮರಾಜನಗರದ ಮೈದಾನದ ಲೈಟುಕಂಬದ ಗುತ್ತಿಗೆ ತಮ್ಮ ಬಾಮೈದನಿಗೆ ಸಿಕ್ಕಿದ ದಿನದಿಂದ ಮಾನದ ಮಾತೆತ್ತಲಿಲ್ಲ.

ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದೇ ಒಂದು ಕೇಳಿದಳು. ‘ವರ್ಸಕ್ಕೊಂದ್ ಆಟನಾದ್ರೂ ಇಲ್ಲಾಡಕ್ಕೆ ಬತ್ತರಾ?’

‘ಬತ್ತರೆ ಬುಡಕ್ಕ’ ಎಂದರು ಸಾಹುಕಾರರು. ಧಣಿಗಳು ‘ನೋಡನ’ ಎಂದರು.

ಅಪ್ಪನ ಮಾತು ನೇರ. ‘ಆಟ ಬಂದ್ರೆ ನೆಲ ಅಂಗೇ ಇರ್ಲಿ. ಬರ್ನಿಲ್ಲ ಅಂದ್ರೆ ಮುಂದಿನ್ ಮಳೆಗೆ ಅದ್ಕೂ ಊವ ಆಕ್ಬುಡ್ತಿನಿ. ಸುಮ್ಕೆ ಬೀಳ್ಬುಟ್ಟು ಏನ್ ಮಾಡನ?’ ಅವ್ವ ಆ ‘ನೋಡನ’ವನ್ನೇ ಗಂಟು ಕಟ್ಟಿಕೊಂಡಳು. ಅವಳಿಗೆ ಆಟದ ಗೆಲುವು ಸೋಲು ಬೇಕಿರಲಿಲ್ಲ. ಆ ಹುಡುಗರು ವರ್ಷಕ್ಕೊಮ್ಮೆ ಬಂದು ಹೋಗಬೇಕು, ಅಷ್ಟೆ.

ನನಗಂತೂ ಸಿಟ್ಟು ನೆತ್ತಿಗೇರಿತ್ತು. ನನ್ನನ್ನು ಕೊಟ್ಟ ಊರಿಗೇ ತಂಡವನ್ನೂ ಕೊಟ್ಟರು. ಶಾಲೆಯಲ್ಲಿ ಚಂದಕವಾಡಿಯಿಂದ ಬರುವ ಮೇಷ್ಟ್ರು ‘ನಿಮ್ ತವರ್ನೋರ್ನೆಲ್ಲಾ ಕರ್ಸ್ಕತಾ ಇದ್ದೀರಂತಲ್ಲ ಮೇಡಂ’ ಎಂದು ಹಲ್ಲು ಕಿರಿದರು. ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಪೋಸ್ಟರು ಬಿತ್ತು: ‘ಚಾಮರಾಜನಗರ, ಇನ್ನು ಮುಂದೆ ನಮ್ಮ ತಂಡದ ತವರು.’ ಅದರ ಫೋಟೋ ತೆಗೆದು ಮನೆಗೆ ಕಳಿಸಿದೆ. ಅವ್ವ ಅಕ್ಷರ ಕೂಡಿಸಿ ಕೂಡಿಸಿ ಓದಿ ಫೋನು ಮಾಡಿದಳು.

‘ಅಲ್ಲ ಕಣಮ್ಮಿ, ಇದೆಂಗ್ ಬರ್ದವ್ರೆ? ತವರಾಗದು ಯಾವಾಗ? ಬುಟ್ಟೋದ್ಮ್ಯಾಕೆ. ಚಾಮ್ರಾಜ್ನಗರ ಗಂಡನ್ ಮನೆ ಅಲ್ವಾ? ನಿಂಗೆ ಯಾವ್ದೋ ಅವ್ರಿಗೂ ಅದೇಯಾ.’

‘ಪೇಪರ್ನೋರು ಅಂಗೇ ಬರೆಯದು ಕಣವ್ವ.’

‘ಬರೀಲಿ. ತವರು ಅಂತ ಒಂದ್ ಇದ್ಮ್ಯಾಕೆ ಬರಿಗೈಲಿ ಕಳ್ಸಕಾದದಾ?’

ಹಾಗೆ ಹೊರಟ ಮಾತು ಮಡಿಲಕ್ಕಿಗೆ ಬಂದು ನಿಂತಿತು. ಹೊರಡುವ ಬೆಳಿಗ್ಗೆ ನಾನು ಮೊದಲ ಬಸ್ಸಿಗೇ ಬಂದಿದ್ದೆ. ಮೋಡ ಇನ್ನೂ ಎದ್ದಿರಲಿಲ್ಲ. ರಸ್ತೆಯಲ್ಲಿ ನಿಂತ ವ್ಯಾನಿನ ದೀಪ ಎರಡು ಹಳದಿ ಮಚ್ಚೆಯ ಹಾಗೆ ಕಾಣುತ್ತಿತ್ತು. ಅವ್ವ ಮೊರದಲ್ಲಿ ಅಕ್ಕಿ, ಕೊಬ್ಬರಿ, ಬೆಲ್ಲ, ಎಲೆ ಅಡಿಕೆ, ಮೇಲೊಂದು ಚೆಂಡುಹೂವು ಇಟ್ಟುಕೊಂಡು ಬಂದಳು. ಅಕ್ಕಪಕ್ಕದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಗೋಲಿ ನಗಲಿಲ್ಲ. ಜೆರ್ಸಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ಚಾಚಿ, ಬಗ್ಗಿ ನಿಂತ. ಅವ್ವ ಸುರಿದಳು. ಸುರಿದ ಮೇಲೆ ಬರಿದಾದ ಮೊರವನ್ನು ಹಿಡಿದುಕೊಂಡೇ ಇದ್ದಳು.

ಮಡಿಲು ತುಂಬಿಸಿಕೊಂಡ ಮಗಳು ಅದರಿಂದ ಮೂರು ಹಿಡಿ ಅಕ್ಕಿ ತಿರುಗಿ ಮೊರಕ್ಕೆ ಹಾಕಬೇಕು. ನಿಮ್ಮ ಮನೆ ಬರಿದು ಮಾಡಲಿಲ್ಲ, ಮತ್ತೆ ಬರುತ್ತೇನೆ ಎಂದು ಅದರ ಅರ್ಥ. ನಮ್ಮಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ಕಾಡಿನಾಚೆಯ ಗೋಲಿಗೆ ಗೊತ್ತಿರಲಿಲ್ಲ. ಪ್ರಸಾದವೆಂದುಕೊಂಡ. ಕಣ್ಣಿಗೊತ್ತಿಕೊಂಡು, ಅವ್ವನ ಕಾಲು ಮುಟ್ಟಿ, ಒಂದು ಕಾಳೂ ಚೆಲ್ಲದ ಹಾಗೆ ಜೋಪಾನವಾಗಿ ವ್ಯಾನು ಹತ್ತಿದ. ನಾನು ಕೂಗುವಷ್ಟರಲ್ಲಿ ದೀಪದ ಮಚ್ಚೆಗಳು ಮೋಡದಲ್ಲಿ ಕರಗಿದವು.

ಅವ್ವ ಮೊರವನ್ನು ತಿರುಗಿಸಿ ನೋಡಿದಳು. ‘ಒಂದ್ ಕಾಳಾದ್ರೂ ಇಕ್ನಿಲ್ಲ’ ಎಂದಳು. ಆ ದಿನ ಅವಳು ಅನ್ನಕ್ಕಿಡಲಿಲ್ಲ.

ಚಾಮರಾಜನಗರದ ಮೊದಲ ಪಂದ್ಯಕ್ಕೆ ಕರೆದರೆ ಅವ್ವ ಬರಲಿಲ್ಲ. ನಾನು ಹೋದೆ. ಸಂಜೆಬಿಸಿಲು ಸಿಮೆಂಟಿನ ಮೆಟ್ಟಿಲ ಮೇಲೆ ಮಲಗಿತ್ತು. ಬ್ಯಾಂಡು, ಪಟಾಕಿ, ಧಣಿಗಳ ಆಳೆತ್ತರದ ಕಟೌಟು. ಹೊಸ ಜೆರ್ಸಿ ಬಂದಿರಲಿಲ್ಲ. ಹಳೆಯದರ ಎದೆಯ ಮೇಲಿದ್ದ ಗುಂಡ್ಲುಪೇಟೆಯ ಹೆಸರಿಗೆ ಬಿಳಿ ಬಟ್ಟೆ ಹೊಲಿದು ಅದರ ಮೇಲೆ ಈ ಊರಿನ ಹೆಸರು ಬರೆಸಿದ್ದರು. ಆಟ ಕಾವೇರಿ ಮೈ ಬೆವೆತಾಗ ಬಟ್ಟೆ ಒದ್ದೆಯಾಗಿ ಅಡಿಯಲ್ಲಿದ್ದ ಅಕ್ಷರಗಳು ಮಸುಕಾಗಿ ಮೇಲೆ ಬಂದವು. ಎರಡು ಊರೂ ಒಂದರೊಳಗೊಂದು ಬೆರೆತು, ಯಾವುದನ್ನೂ ಓದಲಾಗದಂತೆ ಅವರ ಎದೆಯ ಮೇಲೆ ಓಡಾಡುತ್ತಿದ್ದವು. ಮೈಕು ‘ತವರು ತಂಡಕ್ಕೆ ಗೋಲು’ ಎಂದಿತು. ಎಲ್ಲರೂ ಎದ್ದರು, ನಾನು ಕೂತೇ ಅತ್ತೆ. ಮದುವೆಯಾಗಿ ಈ ಊರಿಗೆ ಬಂದ ದಿನ ಬಾರದ ಅಳು ಅದು.

ಆಟ ಮುಗಿದ ಮೇಲೆ ತಂತಿಬೇಲಿಯ ಹತ್ತಿರ ಹೋಗಿ ಗೋಲಿಯನ್ನು ಕರೆದು ಮೂರು ಹಿಡಿಯ ಸಂಗತಿ ಹೇಳಿದೆ. ಅವನು ಬೇಲಿಯ ತಂತಿ ಹಿಡಿದುಕೊಂಡ. ಅಕ್ಕನಿಗೆ ಅವರು ಚೇಚಿ ಎನ್ನುತ್ತಾರೆ.

‘ಚೇಚಿ, ಆ ಅಕ್ಕಿ ಇಲ್ಲ. ಬಂದ ದಿನ ಇಲ್ಲಿ ಊಟ ಇರಲಿಲ್ಲ. ಕಂಜಿ ಮಾಡಿ ಕುಡಿದೆವು. ಏಳು ಜನವೂ.’

ನನಗೆ ನಗು ಬಂತು. ಮುಂದಿನ ಸಲ ಗುಂಡ್ಲುಪೇಟೆಗೆ ಆಟಕ್ಕೆ ಬಂದಾಗ ಹಾಕಿದರಾಯಿತು ಎಂದೆ. ಆ ಮುಂದಿನ ಸಲ ಬರಲೇ ಇಲ್ಲ. ಎಲೆಕ್ಷನ್ನಿನಲ್ಲಿ ಧಣಿಗಳು ಸೋತರು. ಸೋತ ಮೇಲೆ ಕಟೌಟು ಬಿಚ್ಚಿಸಿ, ತಂಡವನ್ನು ಮೈಸೂರಿನ ಯಾರಿಗೋ ಮಾರಿದರು. ಸಾಹುಕಾರರೂ ತಮ್ಮ ಪಾಲು ಬಿಟ್ಟುಕೊಟ್ಟು ಕೈತೊಳೆದುಕೊಂಡರು. ಅಲ್ಲಿಯೂ ಪೋಸ್ಟರು ಬಿದ್ದಿತು, ಅಲ್ಲಿಯೂ ತವರು ಎಂದೇ ಬರೆದಿದ್ದರಂತೆ. ಅಪ್ಪ ಮಾತಿನಂತೆ ಮಳೆಗೆ ಟ್ರ್ಯಾಕ್ಟರು ಹೊಡೆಸಿದ. ಕಿತ್ತ ಗೋಲುಕಂಬ ದನದ ಕೊಟ್ಟಿಗೆಗೆ ತೊಲೆಯಾಯಿತು. ಇಡೀ ಹೊಲ ಹಳದಿಯಾಗಿ ನಿಂತಿತು. ಊಟಿಗೆ, ಕೇರಳಕ್ಕೆ ಹೋಗುವ ಕಾರಿನವರು ಇಳಿದು, ಗೋಲು ಇದ್ದ ಜಾಗದಲ್ಲೇ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ‘ಊವ ತುಳಿಬ್ಯಾಡಿ’ ಎಂದು ಅವ್ವ ಅವರಿಗೂ ಹೇಳುತ್ತಿದ್ದಳು, ಆದರೆ ಕೂಗುತ್ತಿರಲಿಲ್ಲ.

ಅವಳ ಹಟ ಒಂದೇ ಉಳಿದಿತ್ತು. ಆ ಮೊರವನ್ನು ಮತ್ತೆ ಬಳಸಲಿಲ್ಲ. ಅಕ್ಕಿ ಕೇರಲು ಪಕ್ಕದ ಮನೆಯಿಂದ ಮೊರ ತರುವಳು. ನಮ್ಮದು ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಏನವ್ವ ಇದು ಎಂದರೆ ‘ಅದು ಕಾಯ್ತಾ ಅದೆ ಕಣ’ ಎನ್ನುವಳು.

ಗೌರಿ ಹಬ್ಬಕ್ಕೆಂದು ನಾನು ಬಂದಿದ್ದ ಸಂಜೆ, ಮೈಸೂರಿನಿಂದ ಬತ್ತೇರಿಗೆ ಹೋಗುವ ಬಸ್ಸು ನಮ್ಮ ಹೊಲದ ಎದುರು ನಿಂತಿತು. ಮೋಡ ಇಳಿದಿತ್ತು. ಹೂವಿನ ಸಾಲಿನ ನಡುವೆ ಯಾರೋ ಉದ್ದನೆಯವನು ಬರುತ್ತಿದ್ದ. ಕಾಲು ಕಾಣಿಸದೆ ತೇಲಿ ಬರುತ್ತಿರುವ ಹಾಗಿತ್ತು, ಒಂದು ಗಿಡವೂ ಅಲ್ಲಾಡಲಿಲ್ಲ. ಬಾಗಿಲಲ್ಲಿ ಬಗ್ಗಿದ ಮೇಲೆಯೇ ನನಗೆ ಗುರುತು ಹತ್ತಿದ್ದು.

‘ಅಮ್ಮೇ, ಮೊರ’ ಎಂದ.

ಅವ್ವ ಮೊಳೆಯಿಂದ ಮೊರ ತೆಗೆದು ಹಿಡಿದಳು. ಅವನು ಚೀಲ ಬಿಚ್ಚಿದ. ಅವರ ಮನೆಯ ಗದ್ದೆಯ ಅಕ್ಕಿ, ಸಣ್ಣದು, ಘಮ್ಮೆನ್ನುವಂಥದು. ರಜೆಗೆ ಹೋದಾಗ ತಂದಿಟ್ಟುಕೊಂಡಿದ್ದನಂತೆ. ಒಂದು ಹಿಡಿ ಹಾಕಿದ, ಎರಡು, ಮೂರು. ಆಯಿತಲ್ಲ ಎಂದು ನಾನು ಉಸಿರುಬಿಟ್ಟೆ. ಅವನು ನಿಲ್ಲಿಸಲಿಲ್ಲ. ಒಬ್ಬೊಬ್ಬ ಆಟಗಾರನ ಹೆಸರನ್ನು ಮೆಲ್ಲಗೆ ಹೇಳುತ್ತ, ಪ್ರತಿ ಹೆಸರಿಗೂ ಮೂರು ಹಿಡಿ ಹಾಕುತ್ತ ಹೋದ. ಮೈಸೂರಿನಲ್ಲಿ ತಂಡ ಒಡೆದುಹೋಗಿತ್ತಂತೆ. ಒಬ್ಬ ದುಬೈನಲ್ಲಿದ್ದ, ಇನ್ನೊಬ್ಬ ಅರಣ್ಯ ಇಲಾಖೆಯಲ್ಲಿ ವಾಚರ್ ಆಗಿದ್ದ, ಉಳಿದವರು ಎಲ್ಲೆಲ್ಲೋ.

‘ಏಳು ಜನ ಉಂಡದ್ದು, ಅಮ್ಮೇ’ ಎಂದ.

ಮೊರ ತುಂಬಿ ಅಂಚಿನಿಂದ ಕಾಳು ಉದುರಿತು. ಅವ್ವ ಅದನ್ನು ಕೆಳಗಿಡಲಿಲ್ಲ. ಬಾಗಿಲಲ್ಲಿ ನಿಂತಿದ್ದವನು ಅವನೊಬ್ಬನೇ. ಯಾವತ್ತೂ ಬಾರೋ ಎಂದೇ ಕರೆಯುತ್ತಿದ್ದ ಅವ್ವ ಒಳಗೆ ತಿರುಗಿ, ಕೊಟ್ಟಿಗೆಯಲ್ಲಿದ್ದ ಅಪ್ಪನಿಗೆ ಕೇಳಿಸುವ ಹಾಗೆ ಹೇಳಿದಳು:

‘ಇಲ್ ಬನ್ನಿ, ಟೀಮ್ನೋರು ಬಂದವ್ರೆ.’