ಊರಿನ ಡಾಕ್ಟರರನ್ನು ತಯಾರಿಸುವ ಬಾಸಿಲ್ ಸರ್

ಸರಕಾರದ ಅನುದಾನದಲ್ಲಿ ವೈದ್ಯಕೀಯ ವಿದ್ಯಾರ್ಥಿಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ತಯಾರು ಮಾಡುವ ಯೋಜನೆಗೆ ನಮ್ಮ ಬಿಕರ್ನಕಟ್ಟೆಯ ಡಾಕ್ಟರ್ ಬಾಸಿಲ್ ಮುಖ್ಯಸ್ಥರು. "ಮೊದಲು ಊರಿನ ಡಾಕ್ಟರು, ಸ್ಪೆಷಲಿಸ್ಟ್ ಎಲ್ಲ ಮತ್ತೆ" ಎಂದು ಪ್ರತಿ ಭಾಷಣದಲ್ಲೂ ಮೇಜು ಕುಟ್ಟುತ್ತಾರೆ. ತಾವು ಮಾತ್ರ ಸೀನು ಬಂದರೆ ಮೂಗಿನ ತಜ್ಞರಿಗೆ, ಕೆಮ್ಮು ಬಂದರೆ ಎದೆಯ ತಜ್ಞರಿಗೆ ತೋರಿಸುತ್ತಾರೆ. ಹೆಂಡತಿ ಉರ್ಸುಲಾ ತೀರಿಕೊಂಡ ಮೇಲೆ ಶುರುವಾದ ಹೊಟ್ಟೆನೋವಿಗೆ ನಾಲ್ವರು ತಜ್ಞರು ಸ್ಕ್ಯಾನ್ ಮಾಡಿಸಿದರೂ ಏನೂ ಸಿಗಲಿಲ್ಲ. ಕಳೆದ ತಿಂಗಳು ಕಾಟಿಪಳ್ಳದ ಕಡೆಯ ಆರೋಗ್ಯ ಕೇಂದ್ರವೊಂದಕ್ಕೆ ತಪಾಸಣೆಗೆ ಹೋದಾಗ ಅದೇ ನೋವು ಬಂತು. ಅಲ್ಲಿ ಡಾಕ್ಟರಾಗಿದ್ದ ಶಿಷ್ಯೆ ಯಶ್ಮಿತಾ ಹೊಟ್ಟೆ ಒತ್ತಿ ನೋಡಿ, "ಸರ್, ಈಗ ಮನೆಯಲ್ಲಿ ಒಬ್ಬರೇ ಊಟ ಮಾಡುವುದಾ?" ಎಂದು ಕೇಳಿದಳು. ಸರ್ ಕರ್ಚೀಫು ತೆಗೆದು ಹತ್ತು ನಿಮಿಷ ಅತ್ತರು. ಏಳುವಾಗ ಅವಳ ತಲೆಯ ಮೇಲೆ ಕೈಯಿಟ್ಟು ಹೇಳಿದರು: "ನಿನಗೆ ಇಷ್ಟು ಬುದ್ಧಿ ಉಂಟು ಮಾರಾಯ್ತಿ, ಇಲ್ಲಿ ಎಂತಕ್ಕೆ ಕೂತಿದ್ದೀ? ಬೇಗ ಸ್ಪೆಷಲಿಸ್ಟ್ ಆಗು."