ಕಿಟಕಿ ಕಡೆ, ಬಾಗಿಲ ಕಡೆ

ಧರ್ಮಪ್ಪ ಸರ್ ತರಗತಿಗೆ ಬಂದ ಕೂಡಲೇ ಹಾಜರಿ ಕರೆಯುತ್ತಿರಲಿಲ್ಲ. ಬೋರ್ಡಿನ ಮೇಲೆ ಒಂದೇ ಒಂದು ವಾಕ್ಯ ಬರೆದು, ಸೀಮೆಸುಣ್ಣದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ನಮ್ಮ ಕಡೆ ತಿರುಗುತ್ತಿದ್ದರು. "ಒಪ್ಪೋರು ಕಿಟಕಿ ಕಡೆ, ಒಪ್ಪದೋರು ಬಾಗಿಲ ಕಡೆ. ಏಳಿ, ಏಳಿ, ಕೂತಲ್ಲೇ ಬೇರು ಬಿಡಬ್ಯಾಡಿ." ನಾವು ಬ್ಯಾಗು ಎತ್ತಿಕೊಂಡು ಎದ್ದು ನಮ್ಮ ನಮ್ಮ ಅಭಿಪ್ರಾಯದ ಕಡೆ ಹೋಗಿ ಕೂರಬೇಕು. ಪಾಠ ಆಮೇಲೆ.

ಸಮಾಜಶಾಸ್ತ್ರದ ಎಂ.ಎ.ಗೆ ಸೇರಿದ ಮೊದಲ ತಿಂಗಳು ಆ ಕೋಣೆಯಲ್ಲಿ ಸಂತೆಯ ಗದ್ದಲ. ಎರಡೂ ಕಡೆ ಜನ, ಎರಡೂ ಕಡೆ ಕೂಗಾಟ. ಎರಡನೇ ಸೆಮಿಸ್ಟರಿನ ಹೊತ್ತಿಗೆ ಬಾಗಿಲ ಕಡೆಯ ಬೆಂಚುಗಳ ಮೇಲೆ ಧೂಳು ಕೂತಿತ್ತು. ಅಲ್ಲಿ ಕೂರಬೇಡಿ ಎಂದು ಸರ್ ಯಾರಿಗೂ ಹೇಳಿದವರಲ್ಲ. ಬಾಗಿಲ ಕಡೆಯವರು ಎದ್ದು ವಾದ ಮಾಡಿದರೆ ಕೊನೆಯವರೆಗೂ ಕೇಳಿಸಿಕೊಳ್ಳುತ್ತಿದ್ದರು. "ಸರಿ, ಕೂತ್ಕೊ" ಅನ್ನುತ್ತಿದ್ದರು. ಆಮೇಲೆ ಕಿಟಕಿ ಕಡೆ ತಿರುಗಿ ಗಂಟೆ ಹೊಡೆಯುವವರೆಗೂ ಅವರಿಗೇ ಪಾಠ ಮಾಡುತ್ತಿದ್ದರು. ನಮಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಬೇಕೆಂದೇ ಹಾಗೆ ನಿಲ್ಲುತ್ತಿದ್ದರೋ, ಬೆಳಕು ಬರುತ್ತಿದ್ದದ್ದು ಕಿಟಕಿಯಿಂದ ಎಂದು ಆ ಕಡೆ ತಿರುಗುತ್ತಿದ್ದರೋ, ಇವತ್ತಿಗೂ ನನಗೆ ಖಾತ್ರಿ ಇಲ್ಲ. "ನಮಗೆ" ಅಂದೆ. ಆಗಾಗ ಅಲ್ಲಿ ನಾನೊಬ್ಬಳೇ ಇರುತ್ತಿದ್ದೆ.

ತಮ್ಮ ರಾಜಕೀಯವನ್ನು ಅವರು ಎಂದೂ ಮುಚ್ಚಿಟ್ಟುಕೊಂಡವರಲ್ಲ. ಮಗ್ಗೆ ಎಂಬ ಊರಿನವರು, ಕಾಫಿ ಕುಯ್ಲಿನ ಕಾಲದಲ್ಲಿ ಅವರ ತಾಯಿ ಎಸ್ಟೇಟುಗಳಿಗೆ ಕೂಲಿಗೆ ಹೋಗುತ್ತಿದ್ದರಂತೆ. "ಯಾರ ಪರಾನೂ ಅಲ್ಲ ಅನ್ನೋ ಮೇಷ್ಟ್ರನ್ನ ನಂಬಬ್ಯಾಡ್ರಿ. ಅವನು ಹೇಳ್ದೆ ಮಾಡ್ತಾನೆ. ನಾನು ಹೇಳಿ ಮಾಡ್ತೀನಿ" ಎಂದು ನಗುತ್ತಿದ್ದರು. ಕೂಲಿಯವರ ಪರ, ಬೆಳೆಗಾರರ ವಿರುದ್ಧ. ಚುನಾವಣೆ ಬಂದರೆ ಯಾರಿಗೆ ಓಟು ಹಾಕಬಾರದು ಎಂಬುದು ಸಿದ್ಧಾಂತದ ಪಾಠದಲ್ಲೇ ಬಂದುಹೋಗುತ್ತಿತ್ತು.

ಹುಡುಗರು ಅವರಿಗಾಗಿ ಜೀವ ಬಿಡುತ್ತಿದ್ದರು, ಅದಕ್ಕೆ ಕಾರಣವೂ ಇತ್ತು. ನಮ್ಮ ಸ್ನಾತಕೋತ್ತರ ಕೇಂದ್ರದ ಗೇಟಿನಲ್ಲಿ ಸಂಜೆಯ ಸರ್ಕಾರಿ ಬಸ್ಸು ನಿಲ್ಲುತ್ತಿರಲಿಲ್ಲ. ಹುಡುಗಿಯರು ಹಿಂದಿನ ಸ್ಟಾಪಿಗೆ ನಡೆಯಬೇಕಿತ್ತು. ಒಂದು ದಿನ ಸರ್ ಛತ್ರಿ ಬಿಚ್ಚಿಕೊಂಡು ರಸ್ತೆ ಮಧ್ಯೆ ನಿಂತುಬಿಟ್ಟರು.

ಡ್ರೈವರ್ ತಲೆ ಹೊರಗೆ ಹಾಕಿ, "ಯಾಕ್ರೀ ಯಜಮಾನ್ರೇ, ಸಾಯೋಕೆ ನನ್ ಬಸ್ಸೇ ಬೇಕಿತ್ತಾ?" ಅಂದ.

"ಹತ್ತೋಕೆ ಕಣಪ್ಪ. ನಾನು ನಿಧಾನಸ್ಥ. ಅಷ್ಟರಲ್ಲಿ ಈ ಹುಡುಗೀರು ಹತ್ಕೊಳ್ಳಲಿ."

ಮರುದಿನವೂ ನಿಂತರು, ಅದರ ಮರುದಿನವೂ. ಆಮೇಲೆ ಬಸ್ಸು ತಾನೇ ನಿಲ್ಲತೊಡಗಿತು. ಆ ಬಸ್ಸನ್ನು ಬಾಗಿಲ ಕಡೆಯವಳಾದ ನಾನೂ ಹತ್ತಿದ್ದೇನೆ.

ನಾನು ಹೊಂಗಡಹಳ್ಳದ ಸಣ್ಣ ಬೆಳೆಗಾರರ ಮಗಳು. ಮೂರು ಎಕರೆ ಕಾಫಿ, ಅದರೊಳಗೆ ಆನೆ ತುಳಿದ ದಾರಿ. ಸರ್ ಒಂದು ದಿನ ಬೋರ್ಡಿನ ಮೇಲೆ "ಕಾಡಾನೆ ಹಾವಳಿಗೆ ಬೆಳೆಗಾರರೇ ಕಾರಣ" ಎಂದು ಬರೆದಾಗ ನಾನು ಬಾಗಿಲ ಕಡೆ ಹೋಗಿ ಕೂತೆ. ಡಿಸರ್ಟೇಷನ್ನಿಗೆ ಅದನ್ನೇ ವಿಷಯ ಮಾಡಿಕೊಂಡೆ. ಅದು ಧೈರ್ಯವೋ ಹಟವೋ ಗೊತ್ತಿಲ್ಲ. ಮಾರ್ಗದರ್ಶಕರಾಗಿ ನನಗೆ ಸಿಕ್ಕವರು ಧರ್ಮಪ್ಪ ಸರ್.

ಮೊದಲ ಸೆಮಿಸ್ಟರಿನಲ್ಲಿ ಟೈಫಾಯಿಡ್ ಆಗಿ ನನ್ನ ಅಂಕ ನೆಲ ಕಚ್ಚಿತ್ತು. ಡಿಸರ್ಟೇಷನ್ನಿನಲ್ಲಿ ಒಳ್ಳೆಯ ಅಂಕ ಬರದಿದ್ದರೆ ಉಪನ್ಯಾಸಕಿಯಾಗುವ ಪರೀಕ್ಷೆಗೆ ಅರ್ಜಿ ಹಾಕುವುದಕ್ಕೂ ನಾನು ಅನರ್ಹಳು. ಗೆಳತಿ ಶ್ವೇತಾ ಕ್ಯಾಂಟೀನಿನಲ್ಲಿ ಹಲ್ಲು ಕಚ್ಚಿ ಹೇಳಿದಳು: "ಕಿಟಕಿ ಕಡೆ ಬಂದ್ಬಿಡೇ ಮಾರಾಯ್ತಿ. ನನಗೇನು ಅವರು ಹೇಳೋದೆಲ್ಲ ಒಪ್ಪಿಗೆನಾ? ಗಾಳಿ ಬರುತ್ತೆ ಅಂತ ಕೂತಿದ್ದೀನಿ." ಅಪ್ಪನದೂ ಅದೇ ಮಾತು. "ಅವರಿಗೆ ಬೇಕಾದ್ದು ಬರ್ದ್‌ಬುಡು ಮಗ. ಆನೆ ಏನು ನಿನ್ ಪುಸ್ತಕ ಓದ್ಕಂಡು ಬತ್ತದಾ?"

ನಮ್ಮೂರ ಪಕ್ಕದ ಎಸ್ಟೇಟಿನ ಲೈನಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ಸಣ್ಣಮ್ಮ ಎಂಬುವರನ್ನು ಮಾತಾಡಿಸಿದ್ದೆ. ಗಂಡನನ್ನು ಆನೆ ತುಳಿದು ಕೊಂದಿತ್ತು. ಅವರು ಎರಡು ಮಾತು ಹೇಳಿದರು. ಒಂದು: "ಆನೇನ ಹಿಡ್ಕಂಡು ಹೋಗ್ಲಿ ಕಣವ್ವ. ಸಾವ್ಕಾರ್ರು ಹೇಳ್ಕೊಟ್ಟಿದ್ದಲ್ಲ, ನಾನೇ ಹೇಳ್ತಾ ಇವ್ನಿ." ಇನ್ನೊಂದು: "ಆನೆ ಐತೆ ಅಂತ ಅವತ್ತು ಬೆಳಿಗ್ಗೇನೆ ಫಾರೆಸ್ಟಿನೋರ ಮೆಸೇಜು ಮೊಬೈಲಿಗೆ ಬಂದಿತ್ತು. ಹಣ್ಣು ಉದುರಿ ಹೋಯ್ತದೆ, ಹೋಗ್ರಿ ಅಂತ ರೈಟರು ಕಳಿಸ್ಬುಟ್ರು." ರೈಟರೆಂದರೆ ಸಾಹುಕಾರರ ಪರವಾಗಿ ಆಳುಗಳ ಲೆಕ್ಕ ಬರೆದು ಕೆಲಸಕ್ಕೆ ಕಳಿಸುವವರು.

ನಾನು ಎರಡನ್ನೂ ಬರೆದೆ. ಸರ್ ಮೊದಲನೆಯದರ ಸುತ್ತ ಕೆಂಪು ಗೆರೆ ಎಳೆದರು.

"ಇದು ತೆಗಿ."

"ಅವರೇ ಹೇಳಿದ್ದು ಸರ್."

"ಹೇಳ್ತಾಳೆ. ಸಾಹುಕಾರನ ಮಾತು ಅವಳ ಬಾಯಲ್ಲಿ ಕೂತೈತೆ. ಅದನ್ನ ಗುರುತಿಸೋದೇ ನಿನ್ನ ವಿದ್ಯೆ."

"ಎರಡನೇದು ಯಾರ ಮಾತು ಸರ್?"

ಸರ್ ಕನ್ನಡಕ ತೆಗೆದರು. ಕೋಪ ಬಂದರೆ ಹಾಗೆ ಮಾಡುತ್ತಿದ್ದರು, ಎದುರಿನವರ ಮುಖ ಮಂಜಾಗಲಿ ಎಂಬಂತೆ. "ನೀನು ಬೆಳೆಗಾರ್ರ ಮಗಳು. ನಿನ್ ಕಣ್ಣಿಗೆ ಕಾಣೋದೇ ಅಷ್ಟು. ಹೋಗು."

ಆ ಮಾತು ಚುಚ್ಚಿತು, ಅದರಲ್ಲಿ ಸ್ವಲ್ಪ ನಿಜ ಇರಬಹುದೆಂಬ ಭಯಕ್ಕೆ. ಸಣ್ಣಮ್ಮ ನನ್ನ ಅಪ್ಪನನ್ನು ಬಲ್ಲವರು. ನಾನು ಬೇರೆ ಯಾರೋ ಆಗಿದ್ದರೆ ಬೇರೆ ಹೇಳುತ್ತಿದ್ದರೇ? ಆದರೂ ತೆಗೆಯಲಿಲ್ಲ. ಮಾರ್ಗದರ್ಶಕರ ಸಹಿ ಇಲ್ಲದೆ ಡಿಸರ್ಟೇಷನ್ ಸಲ್ಲಿಸುವಂತಿಲ್ಲ. ಪ್ರತಿ ಅವರ ಮೇಜಿನ ಮೇಲೇ ಬಿದ್ದಿತ್ತು. ಕಡೆಯ ದಿನ ಮಧ್ಯಾಹ್ನದವರೆಗೂ ಅವರ ಕೋಣೆಯ ಹೊರಗೆ ನಿಂತಿದ್ದೆ. ಒಳಗೆ ಕರೆದು, ಕೆಂಪು ಗೆರೆ ಇದ್ದ ಪುಟ ತೆರೆದು ನೋಡಿ, "ನಿನ್ ಹಟ ನಿಂದು" ಎಂದು ಸಹಿ ಹಾಕಿ ತಳ್ಳಿದರು. ಮುಖ ನೋಡಲಿಲ್ಲ.

ವೈವಾಕ್ಕೆ ಬಂದ ಹೊರಗಿನ ಪರೀಕ್ಷಕರು ಸರ್‌ಗೆ ಸರಿಯಾಗಿ ಎದುರು ಪಂಗಡದವರು, ಬೆಳೆಗಾರರ ಸಭೆಗಳಲ್ಲಿ ಭಾಷಣ ಮಾಡುವವರು. ನನ್ನ ಡಿಸರ್ಟೇಷನ್ ಅವರಿಗೆ ಬಹಳ ಹಿಡಿಸಿತ್ತು. ಅದೇ ನನಗೆ ಹೆದರಿಕೆ.

"ಶಹಬ್ಬಾಸ್ ಕಣಮ್ಮ. ಕೂಲಿಯಾಕೆಯೇ ಆನೆ ಹಿಡೀರಿ ಅಂತಾಳೆ. ಅಂದರೆ ಮಾಲೀಕರಿಗೂ ಕೂಲಿಯವರಿಗೂ ತಂಟೆ ಅನ್ನೋದೆಲ್ಲ ಕೆಲವು ಪ್ರೊಫೆಸರುಗಳ ಕಲ್ಪನೆ. ಹೌದು ತಾನೆ?" ಪ್ರಶ್ನೆ ನನಗೆ, ನೋಟ ಧರ್ಮಪ್ಪ ಸರ್ ಕಡೆಗೆ.

ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹೌದು ಸರ್" ಅಂದರೆ ಅಂಕ ನನ್ನ ಕೈಯಲ್ಲಿತ್ತು.

"ಅಲ್ಲ ಸರ್. ಮುಂದಿನ ಪುಟದಲ್ಲಿ ಅದೇ ಸಣ್ಣಮ್ಮನವರ ಇನ್ನೊಂದು ಮಾತಿದೆ" ಎಂದು ರೈಟರ ವಿಷಯ ಓದಿದೆ.

ಪರೀಕ್ಷಕರ ಮುಖದಿಂದ ನಗು ಹೋಯಿತು. "ಹಾಗಾದರೆ ನೀವು ಯಾರ ಕಡೆ?"

ಇದಕ್ಕೆ ನಾನು ಕೊಟ್ಟ ಉತ್ತರವನ್ನು ಶ್ವೇತಾಳಿಗೆ ಬಹಳ ಚಂದವಾಗಿ ವರ್ಣಿಸಿದ್ದೆ. ಅದನ್ನು ಅಲ್ಲೇ ಹೇಳಿದೆನೋ, ಬಸ್ಸಿನಲ್ಲಿ ಬರುವಾಗ ಹೊಳೆದದ್ದೋ ತಿಳಿಯದು; ಆದ್ದರಿಂದ ಇಲ್ಲಿ ಬರೆಯುವುದಿಲ್ಲ.

ಅರ್ಜಿಗೆ ಬೇಕಿದ್ದ ಅಂಕವನ್ನು ನಾನು ದಾಟಿದೆ, ಗೆರೆಯ ಮೇಲೆ ಕಾಲಿಟ್ಟಂತೆ. ಇಬ್ಬರು ಕೂಡಿ ಹಾಕಿದ ಅಂಕ. ಯಾರು ಕೊಟ್ಟರು, ಯಾರು ಕಿತ್ತರು, ತಿಳಿಯುವ ದಾರಿ ಇರಲಿಲ್ಲ.

ಹೋದ ವರ್ಷ ಸರ್ ನಾನು ಅತಿಥಿ ಉಪನ್ಯಾಸಕಿಯಾಗಿರುವ ಆಲೂರಿನ ಕಾಲೇಜಿಗೆ ಹೇಳದೆ ಕೇಳದೆ ಬಂದರು. ನಿವೃತ್ತರಾಗಿ ಮಗ್ಗೆಯಲ್ಲಿದ್ದರು, ಪಹಣಿ ತಿದ್ದಿಸಲು ತಾಲ್ಲೂಕು ಕಚೇರಿಗೆ ಬಂದಿದ್ದರಂತೆ. "ಸಾಹೇಬ್ರು ಊಟಕ್ಕೆ ಹೋಗವ್ರೆ. ನಿನ್ ಪಾಠ ಕೇಳಾನ ಅಂತ ಬಂದೆ." ಕೇಳಲಿಲ್ಲ. ಸೀಮೆಸುಣ್ಣ ಕಂಡ ಕೂಡಲೇ ಎತ್ತಿಕೊಂಡರು. ಅದೇ ಓರೆ ಅಕ್ಷರದಲ್ಲಿ ಅದೇ ವಾಕ್ಯ: ಕಾಡಾನೆ ಹಾವಳಿಗೆ ಬೆಳೆಗಾರರೇ ಕಾರಣ. "ಒಪ್ಪೋರು ಕಿಟಕಿ ಕಡೆ, ಒಪ್ಪದೋರು ಬಾಗಿಲ ಕಡೆ. ಏಳಿ, ಏಳಿ."

ಹುಡುಗರು ಎದ್ದರು. ಬ್ಯಾಗು ಹಿಡಿದುಕೊಂಡು ನಿಂತರು, ಆದರೆ ಯಾರೂ ಹೆಜ್ಜೆ ಇಡಲಿಲ್ಲ. ಎಲ್ಲರೂ ಗೋಡೆಗೊರಗಿ ನಿಂತಿದ್ದ ನನ್ನನ್ನು ನೋಡುತ್ತಿದ್ದರು. ನಾನು ಮುಖ ಬಿಗಿಹಿಡಿದೆ. ಆದರೂ ಎಲ್ಲೋ ಸುಳಿವು ಕೊಟ್ಟಿರಬೇಕು. ಮೊದಲು ಇಬ್ಬರು, ಆಮೇಲೆ ಗುಂಪಾಗಿ, ಎಲ್ಲರೂ ಬಾಗಿಲ ಕಡೆ ನಡೆದರು.

ಸರ್ ಒಂದು ಕ್ಷಣ ಖಾಲಿ ಕಿಟಕಿಯನ್ನು ನೋಡಿದರು. "ವಾಕ್ಯ ಬೋರ್ಡಿನ ಮೇಲೈತೆ ಕಣ್ರಪ್ಪ, ನಿಮ್ಮ ಮೇಡಮ್ಮಿನ ಮುಖದ ಮೇಲಲ್ಲ" ಎಂದು ಜೋರಾಗಿ ನಕ್ಕರು. ಹುಡುಗರೂ ನಕ್ಕರು. ನನಗೆ ನಗು ಬರಲಿಲ್ಲ.

ಬಸ್ ನಿಲ್ದಾಣದವರೆಗೆ ಜೊತೆಗೆ ಹೋದೆ. ದಾರಿಯಲ್ಲಿ ತಡೆಯಲಾರದೆ ಕೇಳಿಯೇಬಿಟ್ಟೆ. "ಸರ್, ಅವತ್ತು ವೈವಾದಲ್ಲಿ ನೀವು..."

"ಯಾಕೆ? ನಾನು ಕೊಟ್ಟೆ ಅಂದ್ರೆ ಒಳ್ಳೇವ್ನು, ಕಿತ್ತೆ ಅಂದ್ರೆ ಕೆಟ್ಟೋನಾ?" ಅವರ ಕೈ ಕನ್ನಡಕಕ್ಕೆ ಹೋಯಿತು, ತೆಗೆಯಲಿಲ್ಲ. "ನಾನು ಬೆನ್ನು ಹಾಕ್ತಿದ್ದೆ ಅಂತ ಹೇಳ್ಕಂಡು ತಿರುಗ್ತಿದ್ದೆಯಂತೆ. ಶ್ವೇತಾ ಹೇಳಿದ್ಲು."

"ಹಾಕ್ತಿದ್ರಿ ಸರ್."

"ಹಂಗಾ?" ನಿಜಕ್ಕೂ ಗೊತ್ತಿರಲಿಲ್ಲವೋ ಏನೋ, ನಡೆಯುವುದನ್ನೇ ನಿಲ್ಲಿಸಿದರು. "ನನ್ ಹಿಂದೆ ಏನೈತೆ ಅಂತ ನಂಗೆ ಹೆಂಗಮ್ಮ ಕಾಣ್ತದೆ? ನೀನಾದ್ರೂ ಕೂಗಿ ಹೇಳ್ಬೇಕಿತ್ತು." ಮಗ್ಗೆಯ ಬಸ್ಸು ಬಂತು. ಹತ್ತಿ ಕಿಟಕಿಯ ಪಕ್ಕ ಕೂತು ಕೈ ಎತ್ತಿದರು.

ಈ ಬೇಸಿಗೆಯಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಮಗ್ಗೆಗೆ ಹೋಗಿ ಬಂದ ಮರುದಿನ ನಾನು ಬೋರ್ಡಿನ ಮೇಲೆ ಒಂದು ವಾಕ್ಯ ಬರೆದು, ಮುಖ ಕಾಣಬಾರದೆಂದು ತರಗತಿಯ ಹಿಂದಕ್ಕೆ ಹೋಗಿ ನಿಂತೆ. "ಒಪ್ಪೋರು ಯಾರು?" ಎಂದೆ.

ಮುಂದಿನ ಬೆಂಚಿನಿಂದ ಶುರುವಾಗಿ, ಒಂದೊಂದೇ ಕುತ್ತಿಗೆ ಹಿಂದಕ್ಕೆ ತಿರುಗಿತು.