ಗೋದಾಮಿನ ಸಾಹೇಬರ ಕಂಬಳಿ ಪರೀಕ್ಷೆ

ಒಂದು ಸರ್ಕಾರದ ಯೋಗ್ಯತೆಯನ್ನು ಅದರ ಜೈಲುಗಳಲ್ಲಿ ಅಳೆಯಬೇಕೆಂದು ತಿಳಿದವರು ಹೇಳುತ್ತಾರೆ. ಇರಬಹುದು. ನಾನು ಕೆಲಸ ಮಾಡಿದ ಜೈಲಿನಲ್ಲಿ ಸರ್ಕಾರದ ಯೋಗ್ಯತೆಯೆಲ್ಲ ಒಂದು ಕೀಲಿ ಗೊಂಚಲಿನಲ್ಲಿತ್ತು. ಆ ಗೊಂಚಲು ಗೋದಾಮಿನ ಸಾಹೇಬರ ಸೊಂಟದ ಪಟ್ಟಿಯಲ್ಲಿ ನೇತಾಡುತ್ತಿತ್ತು, ಅದರ ಭಾರಕ್ಕೆ ಅವರ ಖಾಕಿ ಪ್ಯಾಂಟು ಎಡಕ್ಕೆ ಜಾರುತ್ತಿತ್ತು. ಹಾಗಾಗಿ ಅವರು ಸದಾ ಎಡಗೈಯಲ್ಲಿ ಪ್ಯಾಂಟು ಹಿಡಿದೇ ನಡೆಯುತ್ತಿದ್ದರು. ಮೇಲಧಿಕಾರಿಗಳಿಗೆ ಸಲಾಮು ಹೊಡೆಯಲು ಬಲಗೈ, ಮಾನ ಕಾಯಲು ಎಡಗೈ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ವಿಜಾಪುರದ ಜೈಲಿನಲ್ಲಿ ನಾನು ಅವರ ಕೈಕೆಳಗೆ ಗುಮಾಸ್ತನಾಗಿ ಸೇರಿದೆ. ಒಳಗಿನ ಕೈದಿಗಳು ತಿನ್ನುವ ಜೋಳ, ಬೇಳೆ, ಬೆಲ್ಲ, ಮೈತಿಕ್ಕುವ ಸಾಬೂನು, ಹೊದೆಯುವ ಕಂಬಳಿ, ಎಲ್ಲಕ್ಕೂ ಸಾಹೇಬರೇ ಯಜಮಾನರು. ತಿಕೋಟಾದವರು. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಬಂದು, ಮಧ್ಯಾಹ್ನ ಗೋದಾಮಿನ ಮೂಲೆಯಲ್ಲಿ ಚಾಪೆ ಹಾಸಿ ನಮಾಜು ಮಾಡಿ, ಸಂಜೆ ಬಸ್ಸಿಗೆ ಮರಳುತ್ತಿದ್ದರು. ಅವರು ಯಾರಿಗೂ ಕೆಟ್ಟದ್ದು ಬಯಸಿದವರಲ್ಲ. ಇಷ್ಟು ಹೇಳಿ ಮುಗಿಸಿದ ಮೇಲೆ ಇನ್ನು ಉಳಿದದ್ದನ್ನು ಹೇಳಲು ಅಡ್ಡಿಯಿಲ್ಲ: ಅವರಷ್ಟು ನನ್ನ ತಲೆ ತಿಂದ ಮನುಷ್ಯ ಇನ್ನೊಬ್ಬನಿಲ್ಲ.

ಅವರದು ಒಂದೇ ಸಿದ್ಧಾಂತ, ‘ಮೊದಲ ಹಳೇದು’. ಹೊಸ ಬೆಲ್ಲ ಬಂದರೆ ಹಳೆಯ ಬೆಲ್ಲ ಪೂರ್ತಿ ಮುಗಿಯುವ ತನಕ ಅದನ್ನು ಮುಟ್ಟುವಂತಿರಲಿಲ್ಲ. ಹಳೆಯದು ಮುಗಿಯುವ ಹೊತ್ತಿಗೆ ಹೊಸದಕ್ಕೂ ವಯಸ್ಸಾಗಿರುತ್ತಿತ್ತು. ಹೀಗಾಗಿ ನಮ್ಮ ಜೈಲು ಹೊಸ ಬೆಲ್ಲದ ರುಚಿಯನ್ನೇ ಕಂಡಿರಲಿಲ್ಲ. ಇದನ್ನು ಅವರಿಗೆ ವಿವರಿಸಲು ಒಮ್ಮೆ ಧೈರ್ಯ ಮಾಡಿದೆ.

“ಸಾಹೇಬ್ರ, ಒಂದ ಸಲ ಹಳೇದೆಲ್ಲಾ ತಗದ ಒಗದ್ರ, ಆಮ್ಯಾಲ ಯಾವಾಗಲೂ ಹೊಸಾದ ತಿನ್ನಬಹುದಲ್ರಿ?”

“ಮತ್ತ ಆ ಹಳೇ ಬೆಲ್ಲ ಯಾರ ತಿನ್ನಬೇಕೋ ತಮ್ಮಾ? ನಿಮ್ಮ ಮಾವನ ಮನಿಗಿ ಕಳಸೂಣೇನು?”

ಮಾವನ ಮನೆಯ ಮೇಲೆ ನನಗೇನೂ ಅಂಥ ಪ್ರೀತಿ ಇರಲಿಲ್ಲ, ಆದರೂ ಹಳೆಯ ಬೆಲ್ಲವನ್ನೇ ತೂಗಲು ಹೋದೆ.

ಬಬಲೇಶ್ವರದಿಂದ ಜೋಳದ ಬಂಡಿಗಳು ಬಂದ ದಿನವಂತೂ ನನ್ನ ಆಯುಷ್ಯದಲ್ಲಿ ಒಂದಿಷ್ಟು ಕಳೆದುಹೋಗುತ್ತಿತ್ತು. ಒಂದೊಂದು ಚೀಲದಿಂದ ಹಿಡಿ ಕಾಳು ತೆಗೆದು ಅಂಗೈಯಲ್ಲಿ ಉಜ್ಜುವರು, ಮೂಸುವರು, ಎರಡು ಕಾಳು ಹಲ್ಲಿನಲ್ಲಿ ಕಡಿದು ಕಣ್ಣು ಮುಚ್ಚಿ ಧ್ಯಾನಿಸುವರು. ಎತ್ತುಗಳು ಮಲಗಿ ಮೆಲುಕು ಹಾಕಲು ತೊಡಗುತ್ತಿದ್ದವು. ಜೋಳದ ವ್ಯಾಪಾರಿಗೆ ಒಮ್ಮೆ ತಾಳ್ಮೆ ತಪ್ಪಿತು. “ಜ್ವಾಳ ತಂದೇನ್ರಿ ಸಾಹೇಬ್ರ, ಹೆಣ್ಣ ತೋರಸಾಕ ತಂದಿಲ್ಲ!”

“ಹೆಣ್ಣಾಗಿದ್ರ ಲಗೂನ ಹೂಂ ಅಂತಿದ್ದೆ. ಇದನ್ನ ತಿನ್ನಬೇಕಲ್ಲೋ ಯಪ್ಪಾ,” ಎಂದು ಸಾಹೇಬರು ಮುಂದಿನ ಚೀಲಕ್ಕೆ ಕೈ ಹಾಕಿದರು.

ಬೀಗಕ್ಕೆ ಸರಿಯಾದ ಕೀಲಿಯನ್ನೂ ಅವರು ನೋಡಿ ಆರಿಸುತ್ತಿರಲಿಲ್ಲ, ಬೆರಳಿನಲ್ಲಿ ತಡವಿ ಆರಿಸುತ್ತಿದ್ದರು. ಇದೆಲ್ಲ ಅನುಭವದ ಪ್ರತಾಪವೆಂದು ಇಡೀ ಜೈಲು ನಂಬಿತ್ತು.

ಈಗ ಕಂಬಳಿಯ ಮಾತು. ಕಂಬಳಿ ಇನ್ನು ಬಳಕೆಗೆ ಬಾರದೆಂದು ತೆಗೆದುಹಾಕುವುದಕ್ಕೆ ಜೈಲಿನಲ್ಲಿ ‘ಕಂಡಮ್ ಮಾಡುವುದು’ ಎನ್ನುತ್ತಿದ್ದರು. ಹಳೆಯದು ಕಂಡಮ್ ಆಗದೆ ಕೈದಿಗೆ ಹೊಸದು ಸಿಗುವಂತಿರಲಿಲ್ಲ. ಕಂಡಮ್ ಆಗಬೇಕಾದರೆ ಸಾಹೇಬರ ಪರೀಕ್ಷೆ ಆಗಬೇಕು. ಕೈದಿ ತನ್ನ ಕಂಬಳಿಯನ್ನು ಮುಖದ ಮುಂದೆ ಅಡ್ಡ ಹಿಡಿದು ಬಿಸಿಲಿನಲ್ಲಿ ನಿಲ್ಲಬೇಕು. ಕಂಬಳಿ ಅಷ್ಟು ಸವೆದು, ಆಚೆ ನಿಂತವನು ಯಾರೆಂದು ಈಚೆ ನಿಂತ ಸಾಹೇಬರಿಗೆ ಗುರುತು ಸಿಕ್ಕರೆ ಕಂಡಮ್. ಸಿಗದಿದ್ದರೆ ಇನ್ನೊಂದು ಚಳಿಗಾಲಕ್ಕೆ ಅದೇ ಕಂಬಳಿ.

ಮೊದಲ ವರ್ಷ ಹತ್ತಾರು ಕಂಬಳಿ ಕಂಡಮ್ ಆದವು. ಮರುವರ್ಷ ನಾಲ್ಕಾರು. ಮೂರನೆಯ ವರ್ಷ ಒಂದೂ ಇಲ್ಲ. ಭೂತನಾಳ ಕೆರೆಯ ಕಡೆಯಿಂದ ಬೀಸುವ ಗಾಳಿ ಗೋಡೆ ಹಾರಿ ಬಂದು ಬ್ಯಾರಕ್ಕಿನಲ್ಲಿ ಮಲಗುತ್ತಿತ್ತು. ಹೊಸ ಕಂಬಳಿಗಳು ಗೋದಾಮಿನಲ್ಲಿ ನುಸಿಗುಳಿಗೆಯ ವಾಸನೆ ಹೀರುತ್ತ ಬೆಚ್ಚಗೆ ಕೂತಿದ್ದವು. ಅಡುಗೆಮನೆಯಲ್ಲಿ ಜೋಳದ ಭಕ್ರಿ ತಟ್ಟುವ ಕೆಲಸಕ್ಕಿದ್ದ ಬಬಲೇಶ್ವರದ ಒಬ್ಬ ಮುದುಕ ಕೈದಿಗೆ ಕೆಮ್ಮು ಹತ್ತಿತು. ಎಲ್ಲರೂ ಅವನನ್ನು ಅಜ್ಜ ಎನ್ನುತ್ತಿದ್ದರು. ಜೈಲಿನ ಡಾಕ್ಟರು ಅವನ ಎದೆಗೆ ಕಿವಿ ಕೊಟ್ಟು ನನಗೆ ಹೇಳಿದರು: “ಇವಂಗ ಔಷಧ ಬ್ಯಾಡ, ಬೆಚ್ಚಗ ಇಡ್ರಿ. ಇಲ್ಲಂದ್ರ ಈ ಥಂಡ್ಯಾಗ ಉಳಿಯೂದಿಲ್ಲ.”

ನಾನು ಸಾಹೇಬರ ಬಳಿಗೆ ಓಡಿದೆ. ಬೇಡಿದೆ, ವಾದಿಸಿದೆ, ಕೊನೆಗೆ ದನಿ ಏರಿಸಿದೆ. ಅವರು ಪ್ಯಾಂಟು ಎಳೆದುಕೊಂಡು, “ಪರೀಕ್ಷಾ ಆಗಲಿ,” ಎಂದರು. ಕೆಮ್ಮುವವನಿಗೆ ಬೇರೆ ಕಾಯಿದೆ ಇಲ್ಲವಂತೆ. ಬೇರೆ ದಾರಿಯಿಲ್ಲದೆ ಅವರನ್ನು ದಾಟಿ ಸೂಪರಿಂಟೆಂಡೆಂಟರಿಗೇ ಹೋಗಿ ಹೇಳಿದೆ. ಅವರು, “ನಾನ ಮುಂದ ನಿಂತ ನೋಡತೇನಿ, ನಡೀರಿ,” ಎಂದು ಟೋಪಿ ಹಾಕಿಕೊಂಡು ಹೊರಟರು.

ಅಂಗಳದಲ್ಲಿ ಕೈದಿಗಳು ಸಾಲಾಗಿ ಕೂತಿದ್ದರು. ಅಜ್ಜನನ್ನು ಮೊದಲು ಕರೆದರು. ಅವನ ಕಂಬಳಿಯ ನಡುವೆ ಒಂದು ಭಕ್ರಿ ತೂರುವಷ್ಟು ತೂತಿತ್ತು. ಅಜ್ಜ ಅದನ್ನು ಅಡ್ಡ ಹಿಡಿದು ನಿಂತ.

“ಗುರುತ ಸಿಗವಲ್ದು,” ಎಂದರು ಸಾಹೇಬರು.

ಅಜ್ಜ ಮೆಲ್ಲಗೆ ಸರಿದು ತೂತಿಗೆ ಸರಿಯಾಗಿ ಮುಖ ತಂದ. “ಸಾಹೇಬ್ರ, ಮೂಗ ಹೊರಗ ಬಂದೈತಿ ನೋಡ್ರಿ.”

“ಮೂಗ ಎಲ್ಲಾರಿಗೂ ಇರತೈತಿ.”

“ನಾ ಮಾತಾಡಾಕತ್ತೇನಲ್ರೀ, ಅಡಗೀಮನಿ ಮುದುಕ!”

“ದನಿ ಲೆಕ್ಕಕ್ಕಿಲ್ಲ. ಕಣ್ಣೀಲೆ ಗುರುತ ಸಿಗಬೇಕು.”

ಕೈದಿಗಳು ನಗಲು ಶುರು ಮಾಡಿದರು. ಸೂಪರಿಂಟೆಂಡೆಂಟರು ನಗಲಿಲ್ಲ. ಅಜ್ಜನನ್ನು ಕೈಸನ್ನೆಯಿಂದ ಪಕ್ಕಕ್ಕೆ ಸರಿಸಿ, ಕಂಬಳಿಯನ್ನು ತಾವೇ ತೆಗೆದುಕೊಂಡು, ಅಡ್ಡ ಹಿಡಿದು ನಿಂತರು. ತಲೆಯ ಮೇಲಿನ ಟೋಪಿ, ಎದೆಯ ಮೇಲಿನ ಹಿತ್ತಾಳೆ ಗುಂಡಿಗಳು, ಎಲ್ಲ ನನಗೆ ಜರಡಿಯ ಆಚೆ ಇಟ್ಟ ಹಾಗೆ ಕಾಣುತ್ತಿದ್ದವು.

“ಇಂವ ಯಾರೋ ಗೊತ್ತಾಗವಲ್ದು,” ಎಂದರು ಸಾಹೇಬರು.

ಸೂಪರಿಂಟೆಂಡೆಂಟರು ಕಂಬಳಿಯನ್ನು ಕೈಬಿಟ್ಟರು. ಅದು ಸದ್ದಿಲ್ಲದೆ ಅವರ ಬೂಟಿನ ಮೇಲೆ ಬಿತ್ತು. ಬರಿಗೈಯಲ್ಲಿ, ಪೂರಾ ಬಿಸಿಲಿನಲ್ಲಿ, ಅವರು ಸಾಹೇಬರ ಎದುರು ನಿಂತಿದ್ದರು. ಸಾಹೇಬರು ಅವರನ್ನೇ ದಿಟ್ಟಿಸಿ, ತಲೆ ಸ್ವಲ್ಪ ಓರೆ ಮಾಡಿ, ತೀರ್ಪು ಕೊಟ್ಟರು:

“ಗಟ್ಟಿ ಐತಿ. ಇನ್ನೊಂದ ವರ್ಷ ಬರತೈತಿ.”

ನಗು ನಿಂತಿತು. ಆಮೇಲೆ ಅಜ್ಜನೇ, ಅಷ್ಟು ದಿನ ಆ ಕಂಬಳಿಗಾಗಿ ಅವರನ್ನು ಶಪಿಸಿದವನು, ಹತ್ತಿರ ಹೋಗಿ ಮೆಲುದನಿಯಲ್ಲಿ ಹೇಳಿದ: “ಸಾಹೇಬ್ರ, ಕಂಬಳಿ ನೆಲದ ಮ್ಯಾಲ ಬಿದ್ದೈತ್ರಿ.”

ಸಾಹೇಬರ ಎಡಗೈ ಪ್ಯಾಂಟು ಬಿಟ್ಟು ಕೀಲಿ ಗೊಂಚಲನ್ನು ಹಿಡಿಯಿತು. ಗಟ್ಟಿಯಾಗಿ. “ಪೊರೆ ಬಂದೈತ್ರಿ ಎರಡೂ ಕಣ್ಣಿಗಿ,” ಎಂದರು. ಎದುರು ಇರುವವರು ಯಾರೆಂದು ಆಗಲೂ ಅವರಿಗೆ ತಿಳಿದಿರಲಿಲ್ಲ. “ಸೂಪರಿಂಟೆಂಡೆಂಟ್ ಸಾಹೇಬ್ರಿಗಿ ಹೇಳಬ್ಯಾಡ್ರಿ. ಕೀಲಿ ಕಸಗೊಂತಾರ.”

ಸೂಪರಿಂಟೆಂಡೆಂಟರು ಬಗ್ಗಿ ಕಂಬಳಿಯನ್ನು ಎತ್ತಿಕೊಂಡರು. “ಕೀಲಿ ಯಾರೂ ಕಸಗೊಳ್ಳೂದಿಲ್ರಿ. ಮೊದಲ ಮೀರಜ ದವಾಖಾನಿಗಿ ಹೋಗಿ ಕಣ್ಣ ಮಾಡಿಸ್ಕೊಂಡ ಬರ್ರಿ,” ಎಂದರು. ದನಿ ಕೇಳಿದ್ದೇ ಸಾಹೇಬರ ಬಲಗೈ ತಾನಾಗಿ ಸಲಾಮಿಗೆ ಏರಿತು. ಎಡಗೈ ಕೀಲಿಯ ಮೇಲಿದ್ದುದರಿಂದ ಪ್ಯಾಂಟನ್ನು ನಾನು ಹಿಡಿಯಬೇಕಾಯಿತು.

ಅವರು ಮರಳುವ ತನಕ ಗೊಂಚಲು ನನ್ನ ಪಾಲಿಗೆ ಬಂತು. ಅದೇ ಮಧ್ಯಾಹ್ನ ಗೋದಾಮು ತೆರೆದು, ಸವೆದ ಕಂಬಳಿಗಳನ್ನೆಲ್ಲ ರಾಶಿ ಹಾಕಿಸಿ ಹೊಸದನ್ನು ಹಂಚಿದೆ. ಮೊದಲನೆಯದು ಅಜ್ಜನಿಗೆ. ಜನ್ಮ ಸಾರ್ಥಕವಾಯಿತೆಂದು ಬೀಗುತ್ತಿರುವಾಗ ಮರುದಿನ ಬೆಳಿಗ್ಗೆ ಅಜ್ಜ ಕಂಬಳಿ ಹೊತ್ತುಕೊಂಡು ಬಂದ. “ಚುಚ್ಚತೈತ್ರಿ ಇದು. ಹಳೇದ ಮೆತ್ತಗಿತ್ತು. ತಿರಗಿ ಕೊಡ್ರಿ.” ಕೊಡಲಿಲ್ಲ. ಬೈದುಕೊಳ್ಳುತ್ತ ಹೊದ್ದುಕೊಂಡ, ಬೈದುಕೊಳ್ಳುತ್ತಲೇ ಆ ಚಳಿಗಾಲ ದಾಟಿದ.

ಸಾಹೇಬರು ಸೋಡಾ ಬಾಟಲಿಯ ತಳದಂಥ ಕನ್ನಡಕ ಹಾಕಿಕೊಂಡು ಮರಳಿದರು. ಮೊದಲು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ನೀ ಹಿಂಗ ಅದಿಯೇನು? ದನಿ ಕೇಳಿ ಚೆಲೋ ಇದ್ದಿ ಅಂದಕೊಂಡಿದ್ದೆ.” ನಂತರ ಕೀಲಿ ಇಸಿದುಕೊಂಡು ಒಳಗೆ ನಡೆದರು. ಜೇಡರ ಬಲೆ ನೋಡಿದರು, ಇಲಿ ನೋಡಿದರು, ಅಷ್ಟು ವರ್ಷ ತಮಗೆ ಕಾಣದ್ದನ್ನೆಲ್ಲ ನೋಡಿ ಅದಕ್ಕೆಲ್ಲ ನನ್ನನ್ನೇ ಹೊಣೆ ಮಾಡಿದರು. ಕೊನೆಗೆ ಕಂಡಮ್ ರಾಶಿ ಕಂಡಿತು. ಒಂದೊಂದನ್ನೇ ಎತ್ತಿ ಬಿಸಿಲಿಗೆ ಹಿಡಿದು, ಆಚೆ ನನ್ನನ್ನು ನಿಲ್ಲಿಸಿದರು.

“ಗುರುತ ಸಿಗವಲ್ದು! ಯಾರ ಮಾಡಿದ್ರಿದನ್ನ ಕಂಡಮ್?”

“ಸಾಹೇಬ್ರ, ಈಗ ನಿಮಗ ಕಣ್ಣ ಕಾಣಸ್ತಾವಲ್ರಿ!”

“ಅದಕ್ಕ ಹೇಳಾಕತ್ತೇನಿ. ಇದು ಗಟ್ಟಿ ಐತಿ!”

ರಾಶಿಯ ಅರ್ಧದಷ್ಟು ಮತ್ತೆ ಗೋದಾಮಿಗೆ ಹೋಯಿತು. ಮುಂದೆ ಹೊಸ ಕೈದಿಗಳು ಬಂದಾಗ ಅವನ್ನೇ ಕೊಟ್ಟರು. ಮೊದಲು ಹಳೆಯದು.

ನಿವೃತ್ತರಾಗಿ ತಿಕೋಟಾ ಸೇರಿದ ಕೆಲವು ವರ್ಷಗಳಲ್ಲಿ ಅವರು ಹಾಸಿಗೆ ಹಿಡಿದರೆಂದು ಸುದ್ದಿ ಬಂತು. ಚಳಿ ಶುರುವಾಗಿತ್ತು. ಪೇಟೆಯಲ್ಲಿ ಒಂದು ಒಳ್ಳೆಯ ಕಂಬಳಿ ಕೊಂಡು, ಬಸ್ಸು ಹತ್ತಿ ಹೋದೆ. ಅವರು ಹೊದ್ದಿದ್ದ ದುಪ್ಪಟಿಗೆ ನನಗಿಂತ ಹೆಚ್ಚು ವಯಸ್ಸಾಗಿತ್ತು. ನಾನು ತಂದ ಕಂಬಳಿಯನ್ನು ತಡವಿದರು, ಮೂಸಿದರು, ಕನ್ನಡಕ ತರಿಸಿ ಹಾಕಿಕೊಂಡು ನೋಡಿದರು. ಮೆಚ್ಚಿದರೆಂದೇ ತೋರಿತು. ಆಮೇಲೆ ಹೆಂಡತಿಯನ್ನು ಕರೆದು, “ಟ್ರಂಕಿನ್ಯಾಗ ಇಡು. ಇದು ಇನ್ನಾ ಗಟ್ಟಿ ಐತಿ,” ಎಂದು ಮೈಮೇಲಿನ ದುಪ್ಪಟಿ ತೋರಿಸಿದರು. ನಾನು ವಾದಿಸಿದೆ. ದನಿ ಏರಿಸಿದೆ. ಅವರು ನಕ್ಕರು. ಎಡಗೈ ಸೊಂಟದ ಹತ್ತಿರ, ಕೀಲಿ ಇರುತ್ತಿದ್ದಲ್ಲಿ ಇತ್ತು.

ಆ ಚಳಿಗಾಲದಲ್ಲೇ ಅವರು ತೀರಿಕೊಂಡರು. ಕಂಬಳಿ ಟ್ರಂಕಿನಲ್ಲಿತ್ತು. ಅದರ ಮಡಿಕೆ ಬಿಚ್ಚಿರಲಿಲ್ಲ.